ಎರಡನೇ ಚರಣದ ಕರಕರ

ನಮ್ಮ ಮನೆಯಲ್ಲಿ ಇಬ್ಬರಿಗೆ ಮುಳ್ಳಿನ ಸಹವಾಸ. ಅಪ್ಪನದು ಗಡಿಯಾರದ ಮುಳ್ಳು, ಅಮ್ಮನದು ರೆಕಾರ್ಡ್ ಪ್ಲೇಯರಿನ ಮುಳ್ಳು. ನನಗೆ ಮುಳ್ಳಿಲ್ಲ, ನಾಲಿಗೆಯಿದೆ; ಚುಚ್ಚುವುದಕ್ಕೆ ಅಷ್ಟು ಸಾಕು ಎಂದು ಅಮ್ಮ ಹೇಳುತ್ತಿದ್ದಳು. ಆ ಮಾತನ್ನೇ ಅವಳ ದನಿಯಲ್ಲಿ ತಿರುಗಿಸಿ ಹೇಳಿದರೆ ಸೌಟು ಎತ್ತುತ್ತಿದ್ದಳು, ಆದರೆ ನಗುತ್ತ. ಮನೆಯಲ್ಲಿ ನನ್ನನ್ನು ಗಿಳಿ ಎಂದು ಕರೆಯುತ್ತಾರೆ. ಗಿಳಿಗೆ ಪಾಠ ಹೇಳಿದವಳು ಅವಳೇ.

ಅಮ್ಮ ನಡುಮನೆಯಲ್ಲಿ ಮಕ್ಕಳಿಗೆ ಹಾಡಿನ ಕ್ಲಾಸ್ ನಡೆಸುತ್ತಾಳೆ. ಬೀದಿಯಲ್ಲಿ ಅವಳು 'ರೆಕಾರ್ಡ್ ಟೀಚರ್'. ಹತ್ತೊಂಬತ್ತನೇ ವಯಸ್ಸಿನಲ್ಲಿ, ಮದುವೆಗೆ ಒಂದು ವಾರ ಇರುವಾಗ, ತಾನು ಸೇರಿದ್ದ ಹಾಡಿನ ತಂಡದ ಜೊತೆ ಒಂದು ರೆಕಾರ್ಡಿಗೆ ಹಾಡಿದ್ದಳು. ಏಳಿಂಚಿನ ಕಪ್ಪು ಪ್ಲೇಟು. ಆರು ಹುಡುಗಿಯರ ಗುಂಪುಹಾಡು. ಎರಡನೇ ಚರಣದಲ್ಲಿ ಒಂದೇ ಒಂದು ಸಾಲು ಒಬ್ಬಳ ಪಾಲಿಗೆ, ಆ ಒಬ್ಬಳು ಅಮ್ಮ. ಹೊಸ ಮಗು ಕ್ಲಾಸಿಗೆ ಸೇರಿದ ದಿನ ಪಾಠಕ್ಕಿಂತ ಮೊದಲು ಈ ಕಥೆ.

"ಒಂದೇ ಸಲಕ್ಕೆ ಹಾಡಿ ಮುಗಿಸಿದೆ ಕಣ್ರೋ. ತಂಡದ ಮೇಷ್ಟ್ರು 'ಸಾಕಮ್ಮಾ ಸಾಕು' ಅಂದ್ಬಿಟ್ರು."

ಕಥೆಯ ನಂತರ ರೆಕಾರ್ಡು. ಗುಂಪಿನ ಹಾಡು ಚೆನ್ನಾಗಿಯೇ ಬರುತ್ತಿತ್ತು. ಎರಡನೇ ಚರಣದಲ್ಲಿ ಅಮ್ಮನ ಸಾಲು ಇನ್ನೇನು ಬರಬೇಕು, ಕಾದ ಬಾಣಲೆಗೆ ನೀರು ಬಿದ್ದ ಹಾಗೆ ಕರಕರಕರ. ಎಂಟು ಸೆಕೆಂಡು. ಅದು ಮುಗಿಯುವ ಹೊತ್ತಿಗೆ ಆರೂ ಜನ ಮತ್ತೆ ಒಟ್ಟಿಗೆ ಹಾಡುತ್ತಿದ್ದರು. ಅಂಚೆಯಲ್ಲಿ ಬಂದಾಗಿನಿಂದ ಹಾಗೇ. ಅಷ್ಟರಲ್ಲಿ ಅಮ್ಮ ಮದುವೆಯಾಗಿ ಈ ಊರಿಗೆ ಬಂದಾಗಿತ್ತು, ತಂಡ ಚದುರಿತ್ತು, ಇನ್ನೊಂದು ಪ್ರತಿ ಸಿಗಲಿಲ್ಲ.

"ಹಣೆಬರಹ ನೋಡ್ರೋ," ಎನ್ನುತ್ತಿದ್ದಳು. "ಐದು ಕಾಗೆಗಳ ದನಿ ನೆಟ್ಟಗಿದೆ, ನಂದೊಂದು ಸೀದುಹೋಗಿದೆ."

ಆ ಐವರಲ್ಲಿ ಒಬ್ಬಳ ಅಡ್ಡಹೆಸರು ಪೀಪಿ. ಅಮ್ಮನ ಪಕ್ಕ ನಿಲ್ಲುತ್ತಿದ್ದವಳು. ಹಾಡೆಲ್ಲ ಮೂಗಿನಿಂದ, ಪ್ರತಿ ಸಾಲಿಗೂ ಮೊದಲು ಬಿಕ್ಕಿದ ಹಾಗೆ ಒಂದು ಪುಟ್ಟ ಉಸಿರು. ಮಕ್ಕಳೆದುರು ಇನ್ನೊಬ್ಬರ ಮೂಗನ್ನು ಆಡಿಕೊಳ್ಳಬಾರದೆಂಬ ಶಿಸ್ತು ಅಮ್ಮನಿಗಿತ್ತು. ಪೀಪಿ ಏನಿದ್ದರೂ ನನಗೂ ಅಪ್ಪನಿಗೂ ಮಾತ್ರ, ಅದೂ ಅಡುಗೆಮನೆಯಲ್ಲಿ. ಆ ಬಿಕ್ಕು, ಆ ಗುಂಯ್ ಎನ್ನುವ ಮೂಗು, ಸಾಲಿನ ಕೊನೆಯನ್ನು ಎಳೆದು ಒಗೆಯುವ ರೀತಿ ಎಲ್ಲ ಅಮ್ಮನ ಅನುಕರಣೆಯಲ್ಲಿ ಬರುತ್ತಿತ್ತು. "ಅವಳು ಬಾಯಿ ತೆಗೆದ್ರೆ ನೆಗಡಿಗೇ ನೆಗಡಿ ಹಿಡೀತಿತ್ತು," ಎನ್ನುವಳು. ನಾನು ಬಿದ್ದು ಬಿದ್ದು ನಗುತ್ತಿದ್ದೆ. ಅಪ್ಪ ಲೋಟ ಎತ್ತಿಕೊಂಡು ಜಗಲಿಗೆ ಹೋಗುತ್ತಿದ್ದರು. ತಮಾಷೆ ಅರ್ಥವಾಗದ ಮನುಷ್ಯ ಎಂದುಕೊಂಡಿದ್ದೆ.

ಪ್ಲೇಟಿನ ಆರೈಕೆ ಅಪ್ಪನ ಇಲಾಖೆ. ಅವರು ಗಡಿಯಾರ ರಿಪೇರಿ ಮಾಡುವವರು; ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂದಲೆಳೆಯಂಥ ಸ್ಪ್ರಿಂಗನ್ನು ಚಿಮುಟದಲ್ಲಿ ಎತ್ತುವ ಕೈ. ಪ್ಲೇಟನ್ನು ಅಂಚಿನಲ್ಲೇ ಹಿಡಿಯಬೇಕು, ಬೆರಳಿನ ಜಿಡ್ಡು ತಾಗಬಾರದು, ನಿಲ್ಲಿಸಿಡಬೇಕು, ಒಂದರ ಮೇಲೊಂದು ಪೇರಿಸಬಾರದು ಎಂದು ನನಗೆ ಕಲಿಸಿದ್ದೂ ಅವರೇ. ಎರಡು ವರ್ಷಕ್ಕೊಮ್ಮೆ ಪ್ಲೇಟನ್ನು ಅಂಗಡಿಗೆ ಒಯ್ದು 'ನೋಡಿ' ತರುತ್ತಿದ್ದರು. ಕರಕರ ಮಾತ್ರ ಹಾಗೇ ಇರುತ್ತಿತ್ತು.

ಈಚೆಗೆ ನಾನು ಕೆಲಸ ಮಾಡುವ ಕಾಲೇಜು ಲೈಬ್ರರಿಗೆ ಯಾರೋ ನಾನೂರು ರೆಕಾರ್ಡು ದಾನ ಮಾಡಿದರು, ಬೂಷ್ಟಿನ ಸಮೇತ. ತೊಳೆಯುವ ಕೆಲಸ ನನ್ನ ತಲೆಗೆ ಬಂತು. ಮೊದಲು ಮೆತ್ತನೆಯ ಬ್ರಷ್ಷಿನಿಂದ ಒಣ ಧೂಳು. ಆಮೇಲೆ ಬಟ್ಟಿ ಇಳಿಸಿದ ನೀರಿಗೆ ಪಾತ್ರೆ ತೊಳೆಯುವ ದ್ರವದ ಒಂದೇ ಹನಿ. ಒರೆಸುವುದು ಗೆರೆ ಹೋದ ದಿಕ್ಕಿನಲ್ಲಿ, ಅಡ್ಡಡ್ಡ ಅಲ್ಲ. ನಡುವಿನ ಕಾಗದದ ಲೇಬಲ್ಲಿಗೆ ನೀರು ತಾಗಿದರೆ ಕೆಲಸ ಕೆಟ್ಟಿತು. ಇಷ್ಟಕ್ಕೂ ಜಗ್ಗದ ಕಲೆಗೆ ಹತ್ತಿಯ ತುದಿಯಲ್ಲಿ ಎರಡು ಹನಿ ಸ್ಪಿರಿಟ್, ತಕ್ಷಣ ನೀರು. ಮೂರು ತಿಂಗಳಲ್ಲಿ ನಾನು ಪ್ಲೇಟುಗಳ ದೋಬಿಯಾದೆ. ಪ್ರಿನ್ಸಿಪಾಲರ ಗಂಟಲಿನಲ್ಲಿ "ಏನ್ರೀ, ಇತಿಹಾಸಾನೇ ತೊಳೆದುಬಿಟ್ರಾ?" ಎಂದು ನಾನೇ ನನ್ನನ್ನು ಕೇಳಿಕೊಂಡರೆ ಲೈಬ್ರರಿಯವರೆಲ್ಲ ನಗುತ್ತಿದ್ದರು.

ಅಮ್ಮನ ಕಿವಿಗೆ ಇದು ಬಿತ್ತು. ಕ್ಲಾಸಿಗೆ ಆ ತಿಂಗಳು ಇಪ್ಪತ್ತೈದು ವರ್ಷ ತುಂಬುವುದಿತ್ತು. ಹಳೆಯ ಹೊಸ ಮಕ್ಕಳನ್ನೆಲ್ಲ ಭಾನುವಾರ ಮಧ್ಯಾಹ್ನಕ್ಕೆ ಕರೆದಿದ್ದಳು.

"ಗಿಳೀ, ನನ್ನ ಪ್ಲೇಟು ತೊಳೆದುಕೊಡೋ."

"ಅದು ಅಪ್ಪನ ಖಾತೆ ಕಣಮ್ಮ."

"ನಿಮ್ಮಪ್ಪನ ಖಾತೇಲಿ ಮೂವತ್ನಾಲ್ಕು ವರ್ಷ ಇತ್ತು, ಏನು ಬಡ್ಡಿ ಬಂತು? ನನ್ನ ದನಿ ನಾನೇ ಒಂದು ಸಲ ಕೇಳ್ಬಾರ್ದಾ? ಎಲ್ಲರ ಎದುರಿಗೆ ಕೇಳ್ಬೇಕು. ನೀನೂ ಮೊದಲೇ ಹಾಕಿ ಕೇಳ್ಬೇಡ, ಆಣೆ."

ಅಪ್ಪ ಊಟದ ಮೇಜಿನ ಮುಂದೆ ಕೂತಿದ್ದರು. "ಬೇರೆ ಎಲ್ಲಾ ತೊಳಿ," ಎಂದರು. "ಆ ಗೆರೆ ತಂಟೆಗೆ ಹೋಗ್ಬೇಡ. ಪ್ಲೇಟು ಹಾಳಾಗುತ್ತೆ."

"ಯಾವ ಗೆರೆ ಅಪ್ಪಾ?"

ಅವರು ಅಮ್ಮನ ಕಡೆ ನೋಡಿದರು, ಅನ್ನದ ಕಡೆ ನೋಡಿದರು. "ಎಲ್ಲಾ ಕೊಳೆನೂ ಕೊಳೆಯಲ್ಲ ಕಣೋ," ಎಂದು ಎದ್ದುಹೋದರು.

ನಾನು ಅವರ ಕುರ್ಚಿಯಲ್ಲಿ ಕೂತು, ಗಲ್ಲ ಎದೆಗೆ ಒತ್ತಿ, ಅದೇ ದನಿಯಲ್ಲಿ "ಎಲ್ಲಾ ಕೊಳೆನೂ ಕೊಳೆಯಲ್ಲ ಕಣೋ" ಎಂದೆ. ಅಮ್ಮ ನಕ್ಕಳು. ಜಗಲಿಯಿಂದ ಅವರಿಗೆ ಕೇಳಿಸಿರಬೇಕು.

ಶುಕ್ರವಾರ ಲೈಬ್ರರಿಯ ಕಿಟಕಿಯ ಬೆಳಕಿಗೆ ಪ್ಲೇಟನ್ನು ಓರೆ ಮಾಡಿ ಹಿಡಿದಾಗ ಆ ಗೆರೆ ಕಂಡಿತು. ಪ್ಲೇಟಿನ ಸುತ್ತ ಒಂದು ಉಂಗುರ, ದಾರದಷ್ಟು ಅಗಲ, ಸ್ವಲ್ಪ ಕಂದು ಛಾಯೆ. ಅಷ್ಟು ಹೊತ್ತಿಗೆ ನಾನೂರು ಪ್ಲೇಟು ತೊಳೆದಿದ್ದೆ. ಧೂಳು ಚದುರಿ ಕೂರುತ್ತದೆ, ಜಿಡ್ಡು ಬೆರಳಿನ ಆಕಾರದಲ್ಲಿ ಕೂರುತ್ತದೆ, ಬೂಷ್ಟು ಚುಕ್ಕೆ ಚುಕ್ಕೆಯಾಗಿ. ಕೈವಾರ ಹಿಡಿದು ಸುತ್ತು ಹಾಕುವ ಕೊಳೆಯನ್ನು ನಾನು ಕಂಡಿರಲಿಲ್ಲ. ಅಷ್ಟು ಕಂಡವನಿಗೆ ಇನ್ನೊಂದು ಹೆಜ್ಜೆ ಯೋಚಿಸಲು ಏನಾಗಿತ್ತು? ಅಪ್ಪನಿಗೆ ಆಗದ್ದು ನನ್ನಿಂದ ಆಗುತ್ತದೆ ಎಂಬ ಕೊಬ್ಬು ಆಗಿತ್ತು.

ಸೋಪಿನ ನೀರಿಗೆ ಅದು ಜಗ್ಗಲಿಲ್ಲ. ಸ್ಪಿರಿಟ್ ತಾಗಿದ್ದೇ ಹತ್ತಿ ಕಂದಾಯಿತು. ಆರು ಹತ್ತಿಯ ತುದಿ, ಅರ್ಧ ಗಂಟೆ. ನೀರು ಹಾಕಿ, ಒರೆಸಿ, ಪಾತ್ರೆ ಆರಿಸುವ ಸ್ಟ್ಯಾಂಡಿನಲ್ಲಿ ನಿಲ್ಲಿಸಿದೆ. ಪ್ಲೇಟು ಹೊಸ ಬೂಟಿನ ಹಾಗೆ ಹೊಳೆಯುತ್ತಿತ್ತು. ಆಣೆ ಮುರಿಯಲಿಲ್ಲ, ಕೇಳಲಿಲ್ಲ. ನನ್ನ ಜೀವನದಲ್ಲಿ ಉಳಿಸಿಕೊಂಡ ಒಂದೇ ಆಣೆ ಅದು.

ಭಾನುವಾರ ನಡುಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಕ್ಕಳು ನೆಲದ ಮೇಲೆ, ತಾಯಂದಿರು ಕುರ್ಚಿಯಲ್ಲಿ, ಕೂದಲು ನೆರೆಯತೊಡಗಿದ ಹಳೆಯ ವಿದ್ಯಾರ್ಥಿಗಳು ಗೋಡೆಗೆ ಒರಗಿ. ಅಮ್ಮ ತಿಳಿನೀಲಿ ಸೀರೆಯುಟ್ಟು, ಪ್ಲೇಯರಿನ ಪಕ್ಕ ನಿಂತು, ಕಥೆಯನ್ನು ಮೊದಲಿನಿಂದ ಹೇಳಿದಳು. 'ಸಾಕಮ್ಮಾ ಸಾಕು' ಬಂದಾಗ ಹಳೆಯ ವಿದ್ಯಾರ್ಥಿಗಳು ಅವಳ ಜೊತೆಗೇ ಹೇಳಿದರು.

ನಾನು ಪ್ಲೇಟನ್ನು ಕವರಿನಿಂದ ತೆಗೆದೆ. ಅಪ್ಪ ಎದ್ದು ಬಂದು, ಅಂಚಿನಲ್ಲಿ ಹಿಡಿದು, ಬೆಳಕಿಗೆ ಓರೆ ಮಾಡಿದರು. ಗೆರೆಯಿದ್ದ ಜಾಗಕ್ಕೆ ಬಂದು ಅವರ ಕಣ್ಣು ನಿಂತಿತು.

"ಮುಳ್ಳು ಸವೆದಿದೆ," ಎಂದರು. "ಇವತ್ತು ಬೇಡ. ಬೇರೆ ಮುಳ್ಳು ತಂದು ಮುಂದಿನ ವಾರ..."

"ರೀ, ಜನ ಕೂತಿದ್ದಾರೆ," ಎಂದಳು ಅಮ್ಮ.

"ಪ್ಲೇಟಿಗೆ ಗೀರು ಬೀಳುತ್ತೆ ಕಣೆ." ಅವರು ಮುಳ್ಳಿನ ತಲೆಯನ್ನು ಬಿಚ್ಚಿಕೊಳ್ಳಲು ಕೈ ಹಾಕಿಯೇಬಿಟ್ಟರು.

ಆಗ ನಾನು ಗಲ್ಲ ಎದೆಗೆ ಒತ್ತಿ ಅಪ್ಪನಾದೆ. "ಮುಳ್ಳು ಸವೆದಿದೆ, ಗಡಿಯಾರ ಸವೆದಿದೆ, ನಾನೂ ಸವೆದಿದ್ದೀನಿ, ಮುಂದಿನ ವಾರ ಬನ್ನಿ!"

ನಡುಮನೆ ಕಿತ್ತುಹೋಗುವ ಹಾಗೆ ನಗು. ಅಪ್ಪನೂ ನಗುವವರಂತೆ ಬಾಯಿ ಅಗಲಿಸಿದರು. ಆಮೇಲೆ ಪ್ಲೇಟನ್ನು ನನ್ನ ಕೈಗೆ ಕೊಟ್ಟು, ಹೋಗಿ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತರು. ನಾನು ಮುಳ್ಳು ಇಳಿಸಿದೆ.

ಮೊದಲ ಚರಣ ಬಂತು, ಪಲ್ಲವಿ ಬಂತು, ಎಲ್ಲ ಕನ್ನಡಿಯಷ್ಟು ಸ್ಪಷ್ಟ. ಎರಡನೇ ಚರಣ ಶುರುವಾಯಿತು. ಅಮ್ಮ ಕಣ್ಣು ಮುಚ್ಚಿದಳು. ಐದು ದನಿಗಳು ಹಿಂದೆ ಸರಿದವು. ಮೌನ. ಆಮೇಲೆ, ಬಿಕ್ಕಿದ ಹಾಗೆ ಒಂದು ಪುಟ್ಟ ಉಸಿರು.

ಪೀಪಿಯನ್ನು ನಾನು ಜನ್ಮದಲ್ಲಿ ನೋಡಿದವನಲ್ಲ. ಆದರೆ ಮೊದಲ ಅಕ್ಷರಕ್ಕೇ ಗುರುತು ಹಿಡಿದೆ. ಅಮ್ಮ ಅಷ್ಟು ಚೆನ್ನಾಗಿ ಅವಳನ್ನು ಅಡುಗೆಮನೆಗೆ ತಂದಿದ್ದಳು. ಅದೇ ಮೂಗು, ಅದೇ ಎಳೆದು ಒಗೆಯುವ ಕೊನೆ. ಒಂದು ವ್ಯತ್ಯಾಸವಿತ್ತು: ಇದು ಚೆನ್ನಾಗಿತ್ತು. ಅಮ್ಮ ಯಾವತ್ತೂ ಅಷ್ಟನ್ನು ಮಾತ್ರ ಅನುಕರಿಸಿರಲಿಲ್ಲ.

ಎಂಟು ಸೆಕೆಂಡು. ಆರೂ ಜನ ಮತ್ತೆ ಸೇರಿಕೊಂಡರು, ಹಾಡು ಮುಗಿಯಿತು, ಚಪ್ಪಾಳೆ ಶುರುವಾಯಿತು.

"ಟೀಚರ್, ಎಂಥಾ ಕಂಠ!" ಒಬ್ಬ ತಾಯಿ ಕಣ್ಣೊರೆಸಿಕೊಂಡರು. "ಈ ದನೀನ ಇಷ್ಟು ವರ್ಷ ಕೊಳೆ ತಿಂದಿತ್ತಲ್ಲ!"

ಅಮ್ಮ ಕಣ್ಣು ತೆರೆದು ಬಾಗಿಲ ಪಕ್ಕದ ಸ್ಟೂಲನ್ನು ನೋಡಿದಳು. ಅಪ್ಪ ತಮ್ಮ ಅಂಗೈ ನೋಡಿಕೊಳ್ಳುತ್ತಿದ್ದರು. ಅವಳಿಗೆ ಅಷ್ಟು ಸಾಕಾಯಿತು.

"ಟೀಚರ್, ಆ ಸಾಲು ಈಗೊಂದ್ಸಲ ಹಾಡಿ," ಎಂದಿತು ಮುಂದಿದ್ದ ಒಂದು ಮಗು. ಎಲ್ಲರೂ ಹಾಡಿ ಹಾಡಿ ಎಂದರು.

ತನ್ನ ದನಿಯಲ್ಲಿ ಹಾಡಿದರೆ ಪಕ್ಕದಲ್ಲಿಟ್ಟು ತೂಗಿದ ಹಾಗೆ ಬಯಲಾಗುತ್ತಿತ್ತು. ಅಮ್ಮ ಬೆನ್ನು ನೆಟ್ಟಗೆ ಮಾಡಿದಳು. ಬಿಕ್ಕಿದ ಹಾಗೆ ಉಸಿರೆಳೆದು, ಮೂಗಿನಿಂದ, ಸಾಲಿನ ಕೊನೆಯನ್ನು ಎಳೆದು ಒಗೆದು, ಪೀಪಿಯಾಗಿ ಹಾಡಿದಳು. ಇಪ್ಪತ್ತು ವರ್ಷ ನಾನು ಬಿದ್ದು ಬಿದ್ದು ನಕ್ಕ ದನಿ. ಯಾರೂ ನಗಲಿಲ್ಲ. "ಒಂಚೂರೂ ಬದಲಾಗಿಲ್ಲ!" ಎಂದು ಮತ್ತೆ ಚಪ್ಪಾಳೆ ತಟ್ಟಿದರು.

ಎಲ್ಲರೂ ಹೋದ ಮೇಲೆ ನಾನು ಕುರ್ಚಿ ಮಡಿಸುತ್ತಿದ್ದೆ. ಅಮ್ಮ ಕಪ್ಪುಗಳನ್ನು ತಟ್ಟೆಗೆ ಜೋಡಿಸುತ್ತಲೇ ಕೇಳಿದಳು.

"ಯಾವಾಗಿಂದ ಗೊತ್ತು ನಿಮಗೆ?"

"ಪ್ಲೇಟು ಬಂದ ದಿನದಿಂದ," ಎಂದರು ಅಪ್ಪ. "ಅಂಗಡಿ ವಿಳಾಸಕ್ಕೆ ಬಂದಿತ್ತು. ಜೊತೇಲಿ ಮೇಷ್ಟ್ರ ಕಾಗದ. ನಿನ್ನ ಸಾಲು ಸರಿಯಾಗಿ ಕೂತಿರ್ಲಿಲ್ಲ, ಮತ್ತೆ ಕರೆಯೋಣ ಅಂದ್ರೆ ನೀನು ಊರು ಬಿಟ್ಟಾಗಿತ್ತು, ಅದಕ್ಕೇ ನಿನ್ನ ಪಕ್ಕ ನಿಲ್ತಿದ್ದೋಳ ಹತ್ರ ಹಾಡಿಸಿದ್ವಿ ಅಂತ. ಬೇಜಾರು ಮಾಡ್ಕೋಬೇಡ ಅಂತಾನೂ ಬರೆದಿದ್ರು."

"ಕಾಗದ?"

"ಹರಿದೆ."

"ಕರಕರ?"

"ಅರಗು. ಗಡಿಯಾರದೊಳಗಿನ ಪುಟ್ಟ ಕಲ್ಲು ಕೂರಿಸೋಕೆ ಇಟ್ಕೊಂಡಿರ್ತೀನಲ್ಲ, ಅದನ್ನ ಸ್ಪಿರಿಟ್ಟಲ್ಲಿ ಕರಗಿಸಿ, ಪ್ಲೇಟು ತಿರುಗಿಸ್ತಾ ಸಣ್ಣ ಕುಂಚ ಹಿಡಿದೆ. ಆಗ ನೀನು ಬಂದು ಒಂದು ತಿಂಗಳಾಗಿತ್ತು ಕಣೆ. ಅಲ್ಲಿದ್ದಿದ್ದೆಲ್ಲಾ ಬಿಟ್ಟು ಬಂದಿದ್ದೆ. ಅದೂ ಹೋಯ್ತು ಅಂತ ಹೆಂಗೆ ಹೇಳ್ಲಿ?"

ಅರಗು ಎರಡು ಹನಿ ಸ್ಪಿರಿಟ್ಟಿಗೆ ಕರಗುತ್ತದೆ. ಇದು ಅರಗುವ ಮಾತಾಗಿರಲಿಲ್ಲ. ಆದರೂ ನಾನು ಪೆದ್ದ, ಅಮ್ಮ ಈಗ ಮೆತ್ತಗಾಗುತ್ತಾಳೆ ಎಂದು ಕಾದೆ.

"ಅಂದ್ರೆ," ಎಂದಳು, "ಬಂದೋರಿಗೆ ಹೋದೋರಿಗೆಲ್ಲ ನಾನು ಹೇಳ್ತಿದ್ದಾಗ ನೀವು ಇಲ್ಲೇ ಕೂತು ಕೇಳ್ತಿದ್ರಿ. ಒಂದೊಂದ್ ಸಲಾನೂ."

"ನಿನಗೇನು ಗೊತ್ತಿತ್ತು ಪಾಪ. ನೀನೇನು ಸುಳ್ಳು ಹೇಳ್ತಿರ್ಲಿಲ್ಲ."

"ನಿಮಗೆ ಗೊತ್ತಿತ್ತಲ್ಲ. ಒಳಗೊಳಗೇ ನಗ್ತಿದ್ರಾ?"

"ಅಯ್ಯೋ, ಇಲ್ಲ ಕಣೆ."

"ಅಯ್ಯೋ ಪಾಪ ಅಂದ್ಕೊಳ್ತಿದ್ರಾ?"

ಅಪ್ಪ ನಾನು ಮಡಿಸಿದ್ದ ಕುರ್ಚಿಯೊಂದನ್ನು ಎತ್ತಿ ಗೋಡೆಗೆ ಒರಗಿಸಿದರು.

"ನಕ್ಕಿದ್ರೇ ವಾಸಿಯಾಗಿತ್ತು," ಎಂದು ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಮರುದಿನ ಅಂಗಡಿಗೆ ಹೋಗಿ ಅಪ್ಪನನ್ನು ಕೇಳಿದೆ. "ನನಗಾದ್ರೂ ಒಂದು ಮಾತು ಹೇಳ್ಬಾರ್ದಿತ್ತಾ?"

ಅವರು ಭೂತಗನ್ನಡಿ ತೆಗೆಯದೆ ಹೇಳಿದರು: "ನಿನಗೆ ಹೇಳಿದ್ರೆ ನೀನು ಅದನ್ನೂ ಮಾಡಿ ತೋರಿಸ್ತಿದ್ದೆ."

ಕ್ಲಾಸ್ ನಿಲ್ಲುತ್ತದೆ ಎಂದುಕೊಂಡಿದ್ದೆ. ನಿಲ್ಲಲಿಲ್ಲ. ಅಪ್ಪನಿಗೆ ಹೊತ್ತಿಗೆ ಸರಿಯಾಗಿ ಊಟ ಬಡಿಸುತ್ತಾಳೆ, ಬಿಸಿನೀರು ಕಾಯಿಸಿಕೊಡುತ್ತಾಳೆ, ಬೇಕಾದಷ್ಟು ಮಾತಾಡುತ್ತಾಳೆ. ಹೊಸ ಮಗು ಸೇರುವ ದಿನ ಮಾತ್ರ ಅವರನ್ನು ಅಂಗಡಿಗೆ ಹೋಗಲು ಬಿಡುವುದಿಲ್ಲ. ಹೋದ ವಾರ ಎರಡು ಜಡೆಯ ಪುಟ್ಟ ಹುಡುಗಿಯೊಬ್ಬಳು ಬಂದಿದ್ದಳು. ಅಮ್ಮ ಕಥೆ ಹೇಳಿದಳು, ಪ್ಲೇಟು ಹಾಕಿದಳು. ಎಂಟು ಸೆಕೆಂಡು ಸ್ಪಷ್ಟವಾಗಿ ಬಂದು ಹೋಯಿತು.

"ಬರೀ ನನ್ನ ಮಾತು ನಂಬಬೇಡ ಪುಟ್ಟೀ," ಎಂದಳು ಅಮ್ಮ, ಮುದ್ದಿನ ದನಿಯಲ್ಲಿ. "ಇವರನ್ನೇ ಕೇಳೋಣ. ರೀ, ಹೇಳಿ. ಅದು ಯಾರ ದನಿ?"

ಅಪ್ಪ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲೇ ನಿಂತಿದ್ದರು.

"ನಿಂದೇ."

"ಮಗೂಗೆ ಕೇಳಿಸ್ಲಿಲ್ಲ. ಸ್ವಲ್ಪ ಜೋರಾಗಿ."

"ನಿಂದೇ ಕಣೆ," ಎಂದರು ಅಪ್ಪ, ಜೋರಾಗಿ.