ಬಿಲ್ಲೆಯ ಖಾಲಿ ಮಗ್ಗುಲು

ನಾಯಿಯ ಕೊರಳಿಗೆ ಹಾಕುವ ಹಿತ್ತಾಳೆ ಬಿಲ್ಲೆ ಎರಡು ಬೆರಳಗಲ. ಅದರ ಮೇಲೆ ಹೆಸರು ಕೊರೆಯುವುದು ಅರ್ಧ ಗಂಟೆಯ ಕೆಲಸ. ಅದಕ್ಕಾಗಿ ಲಿಫ್ಟ್ ರಿಪೇರಿಯವನೂ ಅವನ ಎಂಟು ವರ್ಷದ ಮಗಳೂ ನನ್ನ ಅಂಗಡಿಗೆ ಬಂದದ್ದು ಅದು ಮೂರನೆಯ ಸಲ.

"ತೀರ್ಮಾನ ಆಯ್ತಾ?" ಎಂದೆ.

"ಆಯ್ತಮ್ಮ. ಸಪ್ತಶಿಖರದೊಡೆಯ ಉಗ್ರಜ್ವಾಲ," ಎಂದು ಅಪ್ಪ ಚೀಟಿ ಮುಂದಿಟ್ಟ. ಅವನು ಓದುವ ಕಥೆಗಳಲ್ಲಿ ಅದು ಬೆಂಕಿ ಉಗುಳುವ ಹಾರುಸರ್ಪಗಳ ದೊರೆಯಂತೆ.

"ಆಗಿಲ್ಲ ಅಜ್ಜಿ," ಎಂದಳು ಮಗಳು. "ಬೆಳ್ದಿಂಗಳಕೊಂಬು. ಮಾಟಗಾತಿ ಕಾಡಲ್ಲಿರೋ ಒಂಟಿಕೊಂಬಿನ ಕುದುರೆ."

ದೊರೆಯೋ ಕುದುರೆಯೋ ಆಗಬೇಕಾಗಿದ್ದ ನಾಯಿಮರಿ ನನ್ನ ಪೊರಕೆ ಕಂಡು ಹೆದರಿ ಮೇಜಿನ ಕೆಳಗೆ ನುಗ್ಗಿತ್ತು. ಪಾಲಿಶ್ ಹಚ್ಚುವ ಹಸಿರು ಮುದ್ದೆಗೆ ಮೂತಿ ಇಟ್ಟು ಸೀನುತ್ತಿತ್ತು.

"ನೋಡಪ್ಪ, ಇದೇನು ಶಿಲಾಶಾಸನ ಅಲ್ಲ. ಒಂದು ಕಡೆ ನಿನ್ನ ಫೋನ್ ನಂಬರ್ ಇವತ್ತೇ ಕೊರ್ದುಬಿಡ್ತೀನಿ. ಹೆಸರು ನಿಧಾನಕ್ಕೆ ಆಗ್ಲಿ."

"ಬರೀ ನಂಬರಾ? ನಾಯಿ ಏನು ಗಾಡಿನಾ?"

ಹಿಂದಿನ ಎರಡು ಸಲವೂ ಇದೇ ಉತ್ತರ. ಮರಿ ಆಗಲೇ ಎರಡು ಬಾರಿ ತಪ್ಪಿಸಿಕೊಂಡು ಹೋಗಿ ಹೇಗೋ ಸಿಕ್ಕಿತ್ತು. ಬಿಲ್ಲೆ ಬೇಕಾಗಿದ್ದೇ ಅದಕ್ಕೆ. ಅದು ಇಬ್ಬರಿಗೂ ಮರೆತೇಹೋಗಿತ್ತು.

"ನಿನ್ನ ದೊರೆ ನಿನ್ನೆ ಬಲೂನ್ ನೋಡಿ ಉಚ್ಚೆ ಹೊಯ್ಕೊಂಡ."

"ನಿನ್ನ ಕುದುರೆಗೆ ಕೊಂಬೆಲ್ಲಿದೆ, ತೋರ್ಸು."

ನಾನು ಕನ್ನಡಕ ತೆಗೆದು ಒರೆಸಿದೆ. ಅದೇನೂ ಕೊಳೆಯಾಗಿರಲಿಲ್ಲ, ಕೈಗೊಂದು ಕೆಲಸ ಕೊಡದಿದ್ದರೆ ಬಾಯಿ ಕೆಲಸ ಶುರುಮಾಡುತ್ತಿತ್ತು.

ಕನ್ನಡಕ ಮತ್ತೆ ಹಾಕಿಕೊಂಡಾಗ ಮೇಜಿನ ಕೆಳಗೆ ಕೊರಳಪಟ್ಟಿಯೊಂದೇ ಬಿದ್ದಿತ್ತು.

ಅಪ್ಪ ಮಗಳ ಕೈ ಹಿಡಿದು ಬೀದಿಗೆ ಓಡಿದ. ಅವನೊಂದು ಹೆಸರು ಕೂಗಿದ, ಅವಳೊಂದು. ಮರಿಗೆ ಎರಡೂ ಗೊತ್ತಿರಲಿಲ್ಲ. ಬಸ್ ನಿಲ್ದಾಣ ದಾಟುವವರೆಗೂ ಆ ಕೂಗು ಕೇಳಿಸಿತು. ಕೊನೆಕೊನೆಗೆ ಹುಡುಗಿಯ ದನಿಯಲ್ಲಿ ಹೆಸರೇ ಇರಲಿಲ್ಲ, ಬರೀ ಅಳು.

ಇನ್ನು ಯಾರನ್ನು ಕೇಳುವುದು? ಬಿಲ್ಲೆಯನ್ನು ಇಕ್ಕಳಕ್ಕೆ ಸಿಕ್ಕಿಸಿ, ಚೀಟಿಯ ಹಿಂದೆ ಅಪ್ಪ ಬರೆದಿದ್ದ ಫೋನ್ ನಂಬರನ್ನು ಕೊರೆಯತೊಡಗಿದೆ. ಎರಡು ಅಂಕಿ ಬಾಕಿಯಿರುವಾಗ ತರಕಾರಿಯವನು ಮರಿಯನ್ನು ಕಂಕುಳಲ್ಲಿ ಇರುಕಿಕೊಂಡು ಬಾಗಿಲಲ್ಲಿ ನಿಂತ.

"ಅಮ್ಮ, ನಿಮ್ದಾ ಇದು? ಲಾರಿ ಚಕ್ರದ ಹತ್ರ ಕೂತಿತ್ತು."

"ನಂದಲ್ಲ. ನನ್ನ ಹತ್ರಾನೇ ಯಾಕೆ ತಂದೆ?"

"ಮೂತಿ ನೋಡಿ. ಈ ಹಸಿರು ಬಣ್ಣ ನಮ್ಮ ಬೀದಿಯಲ್ಲಿ ಇನ್ಯಾರ ಹತ್ರ ಇದೆ? ನಿಮ್ಮ ಬೆರಳಲ್ಲೂ ಅದೇ. ಹೆಸರೇನು ಇದರದ್ದು?"

"ಕೇಳ್ಬೇಡಪ್ಪ, ನಿನಗೆ ಪುಣ್ಯ ಬರುತ್ತೆ."

ಕೊರೆಯುತ್ತಿದ್ದ ನಂಬರಿಗೇ ಫೋನ್ ಮಾಡಿದೆ. ಅವರು ಬರುವುದರೊಳಗೆ ಆ ಎರಡು ಅಂಕಿಯೂ ಮುಗಿದವು. ಹುಡುಗಿ ನೆಲದ ಮೇಲೆ ಕೂತು ಮರಿಯನ್ನು ಅವುಚಿಕೊಂಡಳು. ಅವಳ ಕೆನ್ನೆಯೂ ಹಸಿರಾಯಿತು. ನಾನು ಪಟ್ಟಿಗೆ ಬಿಲ್ಲೆ ಸಿಕ್ಕಿಸಿ ಮರಿಯ ಕೊರಳಿಗೆ ಹಾಕಿದೆ.

ಅಪ್ಪ ಬಗ್ಗಿ ಬಿಲ್ಲೆಯನ್ನು ಮಗುಚಿ ನೋಡಿದ. ಗಂಟಲು ಸರಿಮಾಡಿಕೊಂಡ.

"ಈ ಕಡೆ ಖಾಲಿ ಇದೆಯಲ್ಲಮ್ಮ. ಚಿಕ್ಕದಾಗಿ ಬರೀ 'ಜ್ವಾಲ' ಅಂತ..."

"ಅಪ್ಪ," ಎಂದಳು ಮಗಳು, ತಲೆ ಎತ್ತದೆ. "ಮೊದ್ಲು ಪಟ್ಟಿ ಇನ್ನೊಂದು ತೂತು ಬಿಗಿ ಮಾಡು."

ಅವನು ಮಾಡಿದ.