ತುಂಬಿದ ತೊಟ್ಟಿ

ಆ ಧನುರ್ಮಾಸದಲ್ಲಿ ರೇಣುಕಾಪ್ರಸಾದ್ ಮೇಷ್ಟ್ರಿಗೆ ಬೆಳಗಾಗುತ್ತಿದ್ದುದೇ ಜಗಳದಿಂದ. ಕುದುರೆಗಳ ಜತೆ ಅಲ್ಲ, ಜನರ ಜತೆ. ಕುದುರೆಗಳಾದರೂ ಹೇಳಿದ್ದು ಕೇಳುತ್ತಿದ್ದವು.

ಮೇಷ್ಟ್ರು ಗುಬ್ಬಿಯ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಡ್ರಿಲ್ ಮಾಡಿಸಿ ರಿಟೈರಾದವರು. ಹೋದ ವರ್ಷ ತುಮಕೂರಿನಲ್ಲಿ, ಮದುವೆ ಮೆರವಣಿಗೆಗೆ ಕುದುರೆ ಬಾಡಿಗೆಗೆ ಬಿಡುತ್ತಿದ್ದ ಒಬ್ಬ ಪುಣ್ಯಾತ್ಮ ಮುದಿಯಾದ ಮೂರು ಕುದುರೆಗಳನ್ನು ಶಿರಾ ಗೇಟಿನ ಲಾರಿಗಳ ನಡುವೆ ಬಿಟ್ಟು ನಾಪತ್ತೆಯಾಗಿದ್ದ. ಮೇಷ್ಟ್ರು ಅವನ್ನು ಹಿಡಿಸಿ, ಹುತ್ರಿದುರ್ಗದ ತಪ್ಪಲಲ್ಲಿದ್ದ ತಮ್ಮ ಜಮೀನಿಗೆ ತಂದು ಶೆಡ್ ಕಟ್ಟಿದರು. ಎರಡು ಹೇಗೋ ಮೈ ತುಂಬಿಕೊಂಡವು. ಮೂರನೆಯದು ಚಮೇಲಿ, ಪಕ್ಕೆಲುಬು ಎಣಿಸುವಷ್ಟು ಬಡಕಲಾದ ಬಿಳಿ ಹೆಣ್ಣುಕುದುರೆ.

"ಇದೊಂದು ಚಳಿಗಾಲ ದಾಟಿಸಿಬಿಡಿ ಸಾರ್, ಆಮೇಲೆ ಯೋಚ್ನೆ ಇಲ್ಲ" ಎಂದಿದ್ದರು ಕುಣಿಗಲ್ಲಿನ ದನದ ಡಾಕ್ಟರ್ ಲಕ್ಷ್ಮೀಕಾಂತ್. ಅಂದಿನಿಂದ ಮೇಷ್ಟ್ರಿಗೆ ಅದೊಂದೇ ಧ್ಯಾನ. ಶೆಡ್ಡಿನ ಸುತ್ತ ಗೋಣಿತಾಟು ಕಟ್ಟಿದರು. ಮನೆಯ ಕಂಬಳಿಗಳೆಲ್ಲ ಕುದುರೆಯ ಬೆನ್ನೇರಿದವು. ಬೋರ್‌ವೆಲ್‌ನಿಂದ ಪೈಪ್ ಎಳೆದು, ನೀರು ಇಳಿದಂತೆಲ್ಲ ತಾನಾಗಿಯೇ ತುಂಬಿಕೊಳ್ಳುವ ಸಿಮೆಂಟು ತೊಟ್ಟಿ ಕಟ್ಟಿಸಿದರು. ಬಂದವರಿಗೆಲ್ಲ ಮೊದಲು ತೋರಿಸುತ್ತಿದ್ದುದು ಕುದುರೆಯನ್ನಲ್ಲ, ಆ ತೊಟ್ಟಿಯನ್ನು.

ಇಷ್ಟೆಲ್ಲ ಮಾಡಿದರೂ ಊರಿನವರ ಪ್ರೀತಿಯನ್ನು ತಡೆಯುವುದು ಅವರಿಂದ ಆಗಲಿಲ್ಲ. ಒಬ್ಬ ಬಾಳೆಹಣ್ಣಿನ ಸಿಪ್ಪೆ ತರುತ್ತಿದ್ದ, ಇನ್ನೊಬ್ಬ ತಂಗಳು ಮುದ್ದೆ. ಎಲ್ಲರನ್ನೂ ಮೀರಿಸಿದವರು ಪಕ್ಕದ ಹೊಲದ ರಂಗಲಕ್ಷ್ಮಮ್ಮ. ಧನುರ್ಮಾಸದ ಪೂಜೆ ಮುಗಿಸಿ, ಗುಡಿಯ ಪೊಂಗಲನ್ನು ಎಲೆಯ ತುಂಬ ತಂದು ಚಮೇಲಿಗೆ ತಿನ್ನಿಸಿಬಿಟ್ಟರು. ಅದರ ಹೊಟ್ಟೆ ಉಬ್ಬಿತು. ಮೇಷ್ಟ್ರಿಗೆ ಪಿತ್ತ ನೆತ್ತಿಗೇರಿತು.

"ಹಸೂಗೆ ಕೊಟ್ರೆ ಪುಣ್ಯ, ಕುದ್ರೇಗೆ ಕೊಟ್ರೆ ಪಾಪನಾ?" ಎಂದು ಮುದುಕಿ ಕೇಳಿದರು.

"ಹೊಟ್ಟೆನೋವು ಬಂದ್ರೆ ಕುದುರೆ ಸತ್ತೇಹೋಗುತ್ತಮ್ಮಾ! ಎಷ್ಟು ಸಲ ಬಡ್ಕೊಳ್ಲಿ?"

ಅದಾದ ಹದಿನೈದು ದಿನ ಎಲ್ಲ ಶಾಂತ. ಒಂದು ಮುಂಜಾನೆ ಮೇಷ್ಟ್ರು ಎಂದಿಗಿಂತ ಬೇಗ ಬಂದರೆ, ರಂಗಲಕ್ಷ್ಮಮ್ಮ ಶೆಡ್ಡಿನೊಳಗೇ ನಿಂತಿದ್ದಾರೆ! ಚಮೇಲಿಯ ಮೂತಿ ಅವರ ಬಕೀಟಿನೊಳಗಿದೆ, ಬಕೀಟಿನಿಂದ ಹಬೆ ಏಳುತ್ತಿದೆ. ಮೇಷ್ಟ್ರು ಅಲ್ಲಿಂದಲೇ ಗಂಟಲು ಹರಿಯುವಂತೆ ಕೂಗಿದರು. ಕುದುರೆ ಬೆಚ್ಚಿತು, ಬಕೀಟು ಉರುಳಿತು.

"ಬರೀ ಬಿಸ್ನೀರು ಕಣಪ್ಪಾ, ನಮ್ಮ ಹಂಡೇದು" ಎಂದರು ಮುದುಕಿ, ಸೀರೆಯ ನೆರಿಗೆ ಹಿಂಡಿಕೊಳ್ಳುತ್ತ.

"ನೀರಿಗೇನು ಬರ ಬಂದಿದೆ ಇಲ್ಲಿ? ತೊಟ್ಟಿ ತುಂಬಿ ತುಳುಕ್ತಿರೋದು ಕಾಣಲ್ವಾ? ನಿಮ್ಮ ಉಪಕಾರ ಸಾಕು, ಹೊರಡಿ!"

ಅವತ್ತೇ ಗೇಟಿಗೆ ಬೀಗ ಬಿತ್ತು. ಬೀಗದ ಮೇಲೊಂದು ತಗಡಿನ ಬೋರ್ಡೂ ಬಂತು: 'ಪೊಂಗಲ್ ತರುವವರಿಗೆ ಪ್ರವೇಶವಿಲ್ಲ.' ಊರೆಲ್ಲ ಓದಿ ನಕ್ಕಿತು. ಮೇಷ್ಟ್ರು ಮಾತ್ರ ನೆಮ್ಮದಿಯಾಗಿ ಮಲಗಿದರು.

ಆರನೇ ದಿನ ಬೆಳಗ್ಗೆ ಚಮೇಲಿ ನೆಲಕ್ಕೆ ಬಿದ್ದು ಹೊರಳುತ್ತಿತ್ತು. ಎಬ್ಬಿಸಿದರೆ ತನ್ನ ಹೊಟ್ಟೆಯನ್ನೇ ತಿರುಗಿ ತಿರುಗಿ ನೋಡುತ್ತಿತ್ತು. ಹಿಂದಿನ ದಿನದಿಂದ ಲದ್ದಿಯೇ ಹಾಕಿರಲಿಲ್ಲ.

"ಯಾವನೋ ಬೇಲಿ ಹಾರಿ ಏನೋ ತಿನ್ಸಿದಾನೆ ಡಾಕ್ಟ್ರೇ! ಈ ಜನಕ್ಕೆ ಎಷ್ಟು ಹೇಳಿದ್ರೂ ಅಷ್ಟೇ!"

ಕರೆದ ಕೂಡಲೇ ಬಂದಿದ್ದ ಲಕ್ಷ್ಮೀಕಾಂತ್ ಕುದುರೆಯ ಹೊಟ್ಟೆಗೆ ಕಿವಿಗೊಟ್ಟರು, ಬಾಯಿ ಬಿಡಿಸಿ ಹಲ್ಲು ನೋಡಿದರು, ಮೂಗಿನಿಂದ ಕೊಳವೆ ಇಳಿಸಿ ಎಣ್ಣೆ ಹಾಕಿದರು. ಆಮೇಲೆ ಕೇಳಿದರು: "ನೀರು ಕುಡೀತಿದೆಯಾ?"

"ತೊಟ್ಟಿ ಯಾವಾಗ್ಲೂ ತುಂಬಿರುತ್ತೆ."

"ತುಂಬಿರುತ್ತೆ, ಸರಿ. ಇದು ಕುಡಿಯೋದನ್ನ ನೀವು ನೋಡಿದೀರಾ?"

ಮೇಷ್ಟ್ರು ತೊಟ್ಟಿಯತ್ತ ತಿರುಗಿ ನೋಡಿದರು. ತಾನಾಗಿಯೇ ತುಂಬಿಕೊಳ್ಳುವ ತೊಟ್ಟಿಯಲ್ಲಿ ಯಾರು ಕುಡಿದರು, ಯಾರು ಬಿಟ್ಟರು ಎಂಬುದು ತಿಳಿಯುವುದಾದರೂ ಹೇಗೆ?

"ಹಲ್ಲು ಬುಡದವರೆಗೂ ಸವೆದಿದೆ ಸಾರ್. ಈ ತಣ್ಣೀರು ತಾಗಿದ್ರೆ ಅದಕ್ಕೆ ಪ್ರಾಣ ಹೋದಂಗಾಗುತ್ತೆ, ಅದಕ್ಕೇ ಮುಟ್ಟಿಲ್ಲ. ಒಣ ಹುಲ್ಲು ಕರುಳಲ್ಲಿ ಕಟ್ಕೊಂಡಿದೆ. ಮೊದಲು ಬಿಸಿನೀರು ಕುಡೀಲಿ. ಸಂಜೆಯೊಳಗೆ ಲದ್ದಿ ಹಾಕಿದ್ರೆ ಉಳೀತು."

ಮೇಷ್ಟ್ರು ಸ್ಟೌ ಹಚ್ಚಿ ನೀರು ಕಾಯಿಸಿ ತಂದರು. ಚಮೇಲಿ ಒಮ್ಮೆ ಮೂಸಿ ಮುಖ ತಿರುಗಿಸಿತು. ಬೈದರು, ಬೇಡಿಕೊಂಡರು, ಬೆಲ್ಲ ಕದಡಿದರು. ಊಹೂಂ. ಅಷ್ಟು ಹೊತ್ತಿಗೆ ಅವರಿಗೆ ತಮ್ಮ ಮೇಲೆಯೇ ಎಂಥ ಸಿಟ್ಟು ಬಂದಿತ್ತೆಂದರೆ, ಆ ತೊಟ್ಟಿಯನ್ನು ಹಾರೆ ತಂದು ಒಡೆದುಹಾಕೋಣ ಅನ್ನಿಸಿತು. ಒಡೆಯಲಿಲ್ಲ. ಖಾಲಿ ಬಕೀಟು ಹಿಡಿದು ಪಕ್ಕದ ಹೊಲ ದಾಟಿದರು.

ರಂಗಲಕ್ಷ್ಮಮ್ಮ ಬಚ್ಚಲೊಲೆಗೆ ತೆಂಗಿನ ಮಟ್ಟೆ ತುರುಕುತ್ತಿದ್ದರು. ತಲೆಯೆತ್ತಲಿಲ್ಲ.

"ಅಮ್ಮಾ, ಚಮೇಲಿ ನೀರು ಕುಡೀತಿಲ್ಲ."

"ತೊಟ್ಟಿ ತುಂಬೈತಲ್ಲ ಮೇಷ್ಟ್ರೇ."

ಮೇಷ್ಟ್ರು ತಲೆ ತಗ್ಗಿಸಿದರು. "ನನ್ನಿಂದ ತಪ್ಪಾಯ್ತು. ತಣ್ಣೀರು ಆಗಲ್ಲ ಅಂತ ನಿಮಗೆ ಹೇಗೆ ಗೊತ್ತಾಯ್ತು?"

ಮುದುಕಿ ಬಾಯಗಲಿಸಿ ತೋರಿಸಿದರು. ಉಳಿದಿದ್ದವು ಮೂರೇ ಹಲ್ಲು. "ಅದು ತೊಟ್ಟೀಗೆ ಮೂತಿ ಅದ್ದೋದು, ತಲೆ ಕೊಡವೋದು, ಮತ್ತೆ ಅದ್ದೋದು. ನಾನೂ ಬೆಳಿಗ್ಗೆ ಚೊಂಬು ಹಿಡ್ಕಂಡು ಅಂಗೇ ಮಾಡೋದು ಕಣಪ್ಪಾ. ನೋಡ್ದೇಟ್ಗೇ ಗೊತ್ತಾಯ್ತು. ಅವತ್ತಿಂದ ದಿನಾ ನೀನು ಬರೋಕ್ ಮುಂಚೆ ಬಿಸ್ನೀರು ಕುಡಿಸ್ತಿದ್ದೆ."

ಮೇಷ್ಟ್ರು ದಿನಕ್ಕೆ ನಾಲ್ಕು ಸಲ ಶೆಡ್ಡಿಗೆ ಹೋಗುತ್ತಿದ್ದರು. ಅವರು ನೋಡುತ್ತಿದ್ದುದು ತೊಟ್ಟಿಯನ್ನು.

ಹಂಡೆಯ ನೀರು ಬಕೀಟಿಗೆ ಬಿತ್ತು, ಒಂದು ಚಿಟಿಕೆ ಉಪ್ಪೂ ಬಿತ್ತು. ಮೇಷ್ಟ್ರು ಹೊತ್ತರು, ಮುದುಕಿ ಹಿಂದೆ ನಡೆದರು. ಗೇಟಿನ ಹತ್ತಿರ ಬಂದಾಗ ರಂಗಲಕ್ಷ್ಮಮ್ಮ ನಿಂತುಬಿಟ್ಟರು.

"ನನ್ ಬಗ್ಗೆ ಬೋರ್ಡ್ ಬರ್ಸಿದೀಯಂತೆ."

"ನಿಮ್ಮ ಹೆಸರು ಹಾಕ್ಸಿಲ್ಲಮ್ಮ."

"ಈ ಊರಾಗೆ ಕುದ್ರೇಗೆ ಪೊಂಗಲ್ ತರೋಳು ಇನ್ಯಾವ್ಳು ಅವ್ಳೆ?"

ಮೇಷ್ಟ್ರು ಬಕೀಟು ಇಳಿಸಿ ಬೋರ್ಡನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿದರು. ಅದನ್ನು ಕಟ್ಟಿದ್ದ ತಂತಿ ಅಂಗೈ ಕೊಯ್ದಿತು. ಕಿತ್ತು ಬಂದ ತಗಡನ್ನು ಏನು ಮಾಡುವುದೆಂದು ತಿಳಿಯದೆ ನಿಂತವರ ಕೈಯಿಂದ ಮುದುಕಿ ಅದನ್ನು ಕಿತ್ತುಕೊಂಡು ಬಕೀಟಿನ ಮೇಲೆ ಮುಚ್ಚಿದರು. "ಶೆಡ್ಡಿನ್ಗಂಟ ಆರ್ದಂಗಿರ್ತದೆ. ನಡಿ."

ಚಮೇಲಿ ಹೊಗೆವಾಸನೆಯ ಆ ನೀರನ್ನು ಮೂಸಿತು. ಮುದುಕಿ ಅದರ ಕಿವಿಯ ಹಿಂದೆ ಕೆರೆದರು. ಅದು ಮೂತಿ ಅದ್ದಿತು, ತಲೆ ಕೊಡವಲಿಲ್ಲ. ಬಿಳಿಯ ಕೊರಳಲ್ಲಿ ಗುಟುಕು ಮೇಲೇರಿತು.

ಮೇಷ್ಟ್ರು ಡ್ರಿಲ್ ಮಾಡಿಸುವವರಂತೆ ಎಣಿಸತೊಡಗಿದರು. ಒಂದು, ಎರಡು, ಮೂರು... ಹದಿನೆಂಟಕ್ಕೆ ಬಂದವರು ಎಣಿಕೆ ನಿಲ್ಲಿಸಿ ಚಮೇಲಿಯ ಬೆನ್ನ ಮೇಲೆ ಕೈಯಿಟ್ಟರು.

"ಯಾಕ್ ನಿಲ್ಸ್‌ಬುಟ್ಟೆ ಮೇಷ್ಟ್ರೇ? ಅದಿನ್ನೂ ಕುಡೀತಾ ಐತೆ" ಎಂದರು ರಂಗಲಕ್ಷ್ಮಮ್ಮ.