ವಾಸನೆ ಹೋದ ವ್ಯಾನು

ಸಿಂದಗಿಯಲ್ಲಿ ಗಾಡಿ ಕೆಟ್ಟರೆ ಜನ ಮೊದಲು ಮಾವನ ಮಗನಿಗೆ ತೋರಿಸುತ್ತಾರೆ, ಆಮೇಲೆ ದೇವರಿಗೆ, ಕಡೆಗೆ ನನಗೆ. ಮೂವತ್ತು ವರ್ಷದಿಂದ ಇದೇ ಸಿಟ್ಟಿನಲ್ಲಿ ಗ್ಯಾರೇಜು ನಡೆಸಿದ್ದೇನೆ. ಕನ್ನೊಳ್ಳಿಯ ಕಲ್ಮೇಶನೂ ಹಾಗೆಯೇ ಬಂದ. ಹಳೆಯ ಪೆಟ್ರೋಲ್ ವ್ಯಾನೊಂದರಲ್ಲಿ ಸೀರೆಯ ಗಂಟು ಹೇರಿಕೊಂಡು, ಹೆಂಡತಿ ಭಾಗ್ಯಜ್ಯೋತಿಯ ಜೊತೆ ಇಂಡಿ, ಮುದ್ದೇಬಿಹಾಳ ಅಂತ ಸಂತೆ ಸುತ್ತುವವನು.

"ಯಾಕೂಬ ಚಾಚಾ, ಸೈಲೆನ್ಸರಿನ್ಯಾಗಿಂದ ಪೆಟ್ರೋಲ್ ವಾಸನಿ ಹೊಡಿಯಾಕತ್ತೈತಿ ನೋಡ್ರಿ."

"ಎಷ್ಟು ದಿನಾತು?"

"ಎರಡು ತಿಂಗಳಾತ್ರಿ."

ಎರಡು ತಿಂಗಳು ಏನು ಮಾಡಿದ್ದ ಗೊತ್ತೆ? ಸ್ಟೇರಿಂಗ್ ಪಕ್ಕ ಮಲ್ಲಿಗೆ ಸೆಂಟಿನ ಡಬ್ಬಿ ಇಟ್ಟಿದ್ದ. ನನಗೆ ಮೈಯೆಲ್ಲ ಉರಿಯಿತು.

ಎಂಜಿನ್ ಚಾಲೂ ಮಾಡಿಸಿ ಸೈಲೆನ್ಸರಿನ ಬಾಯಿಗೆ ಬಿಳಿ ಅರಿವೆ ಹಿಡಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಅದು ಕಪ್ಪಾಯಿತು. ಎಂಜಿನ್ ಒಂದೇ ಸಮ ಓಡದೆ ನಡುನಡುವೆ ಮುಗ್ಗರಿಸುತ್ತಿತ್ತು. ಪ್ಲಗ್ ಬಿಚ್ಚಿ ನೋಡಿದರೆ ಎರಡಕ್ಕೆ ಮಸಿ, ಮೂರನೆಯದು ಪೆಟ್ರೋಲಿನಲ್ಲಿ ತೊಯ್ದು ತೊಪ್ಪೆ. ಕಾರ್ಬ್ಯುರೇಟರಿನ ಸೂಜಿ ಸವೆದು ಬೇಕಾದದ್ದಕ್ಕಿಂತ ಹೆಚ್ಚು ಪೆಟ್ರೋಲು ಇಳಿಯುತ್ತಿತ್ತು. ಉರಿಯದೆ ಉಳಿದದ್ದು ಹಸಿಹಸಿಯಾಗಿ ಹೊಗೆಯ ಜೊತೆ ಹೊರಬೀಳುತ್ತಿತ್ತು. ಇಷ್ಟೇ ಆಗಿದ್ದರೆ ಅರ್ಧ ದಿನದ ಕೆಲಸ.

ಆದರೆ ಗಾಡಿಯ ಕೆಳಗೆ ತೂರಿದಾಗ ಬೇರೆಯದೇ ಕಂಡಿತು. ಹಿಂದಿನ ಸೀಟಿನ ಅಡಿಯಲ್ಲಿ ಹೊಗೆಯ ಪೈಪು ಬೆರಳು ಹೋಗುವಷ್ಟು ಸೀಳಿತ್ತು. ಅದರ ಮೇಲಿನ ತಗಡು ತುಕ್ಕು ಹಿಡಿದು ಜರಡಿಯಾಗಿತ್ತು. ಹೊಗೆಯ ಅರ್ಧ ಪಾಲು ಗಾಡಿಯೊಳಕ್ಕೇ ಹೋಗುತ್ತಿತ್ತು.

"ಹಿಂದ ಯಾರು ಕೂಡ್ತಾರ?"

"ನಮ್ಮ ಭಾಗ್ಯಾರಿ. ಗಂಟು ಉರುಳಬಾರದಂತ ಹಿಡಕೊಂಡು ಕೂಡ್ತಾಳ."

"ಆಕಿಗೆ ತಲಿನೋವು ಐತೇನು?"

ಕಲ್ಮೇಶ ನನ್ನನ್ನೇ ದಿಟ್ಟಿಸಿದ. "ನಿಮಗ ಹೆಂಗ ಗೊತ್ತಾತ್ರಿ? ಬಸವನ ಬಾಗೇವಾಡಿ ದಾಟೂದ್ರಾಗ ಸುರು ಆಗತೈತಿ. ವಾಂತಿ ಬಂದಂಗ ಆಗತೈತಿ ಅಂತಾಳ. ಮನಿಗೆ ಬಂದಮ್ಯಾಲ ಆರಾಮ. ಕಣ್ಣಿನ ದೋಷ ಇರಬೇಕಂತ ಚಸಮಾ ಕೊಡಿಸೇನಿ."

"ಕಣ್ಣಲ್ಲೋ ಮಾರಾಯ, ಹೊಗಿ ಅದು! ಅದರಾಗ ಮಂದಿ ಸತ್ತಾರ."

ಅವನು ಕೀಲಿ ತೆಗೆದು ನನ್ನ ಕೈಗಿಟ್ಟ. "ಹಂಗಾರ ಎಲ್ಲಾ ಸರಿಮಾಡಿ ಕೊಡ್ರಿ ಚಾಚಾ. ಗಾಡಿ ಇಲ್ಲೇ ಇರಲಿ."

ಸೂಜಿ ಬದಲಿಸಿದೆ, ಹೊಸ ಪ್ಲಗ್ ಹಾಕಿದೆ, ಪೆಟ್ರೋಲು-ಗಾಳಿಯ ಅಳತೆ ಕೂಡಿಸಿದೆ. ಎಂಜಿನ್ ಹೊಲಿಗೆ ಮಷಿನ್ನಿನ ಹಾಗೆ ಓಡಿತು. ಉಳಿದದ್ದು ಪೈಪಿನ ಬೆಸುಗೆ. ಅಷ್ಟರಲ್ಲಿ ಅಮಾವಾಸ್ಯೆ ಬಂತು. ಪಕ್ಕದ ವೆಲ್ಡಿಂಗ್ ಅಂಗಡಿಯ ಸಿದ್ದಲಿಂಗ ಅಮಾವಾಸ್ಯೆಯಂದು ಬೆಂಕಿ ಹಚ್ಚುವುದಿಲ್ಲ. ಯಂತ್ರ ತೊಳೆದು, ವಿಭೂತಿ ಬಳಿದು, ಕಾಯಿ ಒಡೆದು ಬಾಗಿಲು ಹಾಕಿಬಿಡುತ್ತಾನೆ. ಅವನನ್ನು ಬೈಯುವಂತಿಲ್ಲ, ಶುಕ್ರವಾರ ನಮಾಜಿನ ಹೊತ್ತಿಗೆ ನಾನೂ ಬೋಲ್ಟು ತಿರುಗಿಸುವ ಪಾನಾ ಮುಟ್ಟುವುದಿಲ್ಲ. ಕಲ್ಮೇಶನಿಗೂ ಅವಸರ. ಅಮಾವಾಸ್ಯೆಯ ಪೂಜೆಗೆ ಗಾಡಿ ಮನೆಯ ಮುಂದಿರಬೇಕು, ಮರುದಿನ ನಸುಕಿಗೇ ಮುದ್ದೇಬಿಹಾಳದ ಸಂತೆಗೆ ಹೊರಡಬೇಕು.

ಕೀಲಿ ಕೊಡಬಾರದಿತ್ತು. ಎಲ್ಲರಿಗೂ ಹರಿಹಾಯುವ ಈ ಬಾಯಿ ಅವತ್ತೊಂದು ದಿನ ಮೆತ್ತಗಾಯಿತು. ಸೀಳಿದ ಜಾಗಕ್ಕೆ ತಗಡು ಸುತ್ತಿ ತಂತಿ ಬಿಗಿದೆ.

"ಇದು ಒಂದ ದಿನದ್ದು. ಕಿಟಕಿ ತಗದು ಹೋಗ್ರಿ, ಆಕಿನ್ನ ಮುಂದ ಕೂಡಿಸು. ಸಂತಿ ಮುಗಿಸಿ ಸೀದಾ ಇಲ್ಲಿಗೆ ಬಾ."

"ಹೂಂರಿ," ಎಂದವನು ಬಗ್ಗಿ ಸೈಲೆನ್ಸರಿಗೆ ಮೂಗು ಒಯ್ದ. ಮುಖ ಅರಳಿತು. "ಚಾಚಾ, ವಾಸನಿನ ಇಲ್ಲಲ್ರಿ!"

ಕೊಲ್ಲುವ ಹೊಗೆಗೆ ವಾಸನೆಯೇ ಇರುವುದಿಲ್ಲ. ಇಷ್ಟು ದಿನ ಪೆಟ್ರೋಲಿನ ನಾತ ಜೊತೆಗಿದ್ದು ಎಚ್ಚರಿಸುತ್ತಿತ್ತು, ಇನ್ನು ಅದೂ ಇಲ್ಲ. ಇದನ್ನು ಆಗಲೇ ಹೇಳಬೇಕಿತ್ತು. ನಾನು ಹೊಗಳಿಕೆಗೆ ಉಬ್ಬಿ, "ಯಾಕೂಬಸಾಬ ಕೈ ಹಾಕಿದಮ್ಯಾಲ ವಾಸನಿ ಇರತೈತೇನು?" ಎಂದೆ.

ಸಂತೆಯ ದಿನ ಸಂಜೆಯಾದರೂ ಅವನು ಬರಲಿಲ್ಲ. ಸುದ್ದಿ ಬಂತು. ಭಾಗ್ಯಜ್ಯೋತಿಯ ಮಣ್ಣಿಗೆ ಹೋಗಿ ಬಂದೆ, ಕಲ್ಮೇಶನ ಮುಖ ನೋಡುವ ಧೈರ್ಯವಾಗದೆ ಹಿಂದೆ ನಿಂತಿದ್ದೆ. ಒಂಬತ್ತನೆಯ ದಿನ ಕಲ್ಮೇಶನೇ ಗ್ಯಾರೇಜಿಗೆ ಬಂದು ಹಳೆಯ ಟೈರಿನ ಮೇಲೆ ಕೂತ. ನಾನು ಕೇಳದಿದ್ದರೂ ಹೇಳಿದ.

"ಮುಂದ ಬಾ ಅಂದ್ನಿರಿ. ವಾಸನಿ ಹೋಗೇತಲ್ಲ, ಗಂಟು ಯಾರು ಹಿಡೀತಾರ ಅಂದ್ಲು. ರಸ್ತಾದಾಗ ಧೂಳು ಭಾಳ ಇತ್ತು, ಹೊಸ ಸೀರಿ ಹೊಲಸಾಗ್ತಾವಂತ ಹಿಂದಿನ ಕಿಟಕಿ ತಾನ ಮುಚ್ಚಿದ್ಲು. ನನ್ನ ಕಡೇದು ತಗದಿತ್ತು. ಬಾಗೇವಾಡಿ ದಾಟಿದಮ್ಯಾಲ, ತಲಿ ನೋಯಾಕತ್ತೇತೇನು ಅಂತ ಕೇಳಿದ್ನಿ. ಸ್ವಲ್ಪ ಭಾರ ಐತಿ, ನಿದ್ದಿ ಬರಾಕತ್ತೈತಿ ಅಂದ್ಲು. ಮಲಕೋ ಅಂದ್ನಿರಿ."

ಸಿದ್ದಲಿಂಗ ಆಚೆ ವೆಲ್ಡಿಂಗ್ ನಿಲ್ಲಿಸಿದ್ದ.

"ಎಚ್ಚರಾದೀತಂತ ಹಾರ್ನ್ ಸುದ್ದಾ ಹೊಡೀಲಿಲ್ಲರಿ. ಸಂತ್ಯಾಗ ನೆರಳಿಗಂತ ತಾಡಪತ್ರಿ ನಾನ ಕಟ್ಟಿದ್ನಿ. ಎಷ್ಟು ದಿನಾತು ಇಷ್ಟು ಚಲೋ ನಿದ್ದಿ ಮಾಡಿ, ಮಲಗ್ಲಿ ಅಂತ ಬಿಟ್ನಿ. ಮುಂದಿನ ಸೀಟಿನ್ಯಾಗಿದ್ದ ಗಂಟು ಬಿಚ್ಚಿ ಎರಡು ಸೀರಿ ಮಾರಿದಮ್ಯಾಲ, ಚಾ ತಗೊಂಡು ಹೋಗಿ ಹಿಂದಿನ ಬಾಗಲಾ ತಗದ್ನಿ."

ಗಾಡಿ ಎತ್ತಿ ನೋಡಿದವರು ನನಗೆ ಮೊದಲೇ ಹೇಳಿದ್ದರು. ದಾರಿಯ ಕುಲುಕಾಟಕ್ಕೆ ನಾನು ಬಿಗಿದ ತಂತಿ ಹರಿದು ತಗಡು ಎಲ್ಲೋ ಬಿದ್ದುಹೋಗಿತ್ತು. ಕಲ್ಮೇಶ ಬೈಯಲಿ, ಪಾನಾ ಎತ್ತಿ ತಲೆಗೆ ಹೊಡೆಯಲಿ ಎಂದು ಕಾದೆ.

"ನಿಮ್ಮದೇನೂ ತಪ್ಪಿಲ್ಲ ಬಿಡ್ರಿ ಚಾಚಾ," ಎಂದ. "ನೀವು ವಾಸನಿ ತಗದು ಕೊಟ್ಟಿದ್ರಿ. ಅದು ಇದ್ದಿದ್ರ ಆಕಿ ಕಿಟಕಿ ಮುಚ್ಚತಿದ್ದಿಲ್ಲ, ಅಷ್ಟ."

ಕೊಲ್ಲುವ ಹೊಗೆಗೆ ವಾಸನೆ ಇರುವುದಿಲ್ಲವೆಂದು ನನಗೆ ಗೊತ್ತಿತ್ತು ಎಂದು ಹೇಳಲು ಬಾಯಿ ತೆರೆದೆ, ಕೆಮ್ಮು ಒತ್ತಿ ಬಂತು. ಅವನೇ ಎದ್ದು ಮಡಕೆಯಿಂದ ನೀರು ತಂದು ನನ್ನ ಕೈಗೆ ಕೊಟ್ಟ.